ಆಕಾಶದಿಂದ ಬಿದ್ದದ್ದನ್ನು ಮೊದಲು ಕಾಣುವವರಿಗೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ ಹಾಗೂ ಪಿಡಿಒಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2023ರ ಆಗಸ್ಟ್ 20ರ ಭಾನುವಾರ ಬೆಳಿಗ್ಗೆ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಒಂದು ವಿಮಾನ ಬಿತ್ತು. ಹಿರಿಯೂರು ನಮ್ಮ ಶಿರಾಕ್ಕೆ ಅಂಟಿಕೊಂಡ ತಾಲ್ಲೂಕು. ಬಿದ್ದದ್ದು ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ‘ತಪಸ್’ ಎಂಬ ಮಾನವರಹಿತ ವಿಮಾನ. ಡ್ರೋನ್ ಎಂದ ಕೂಡಲೇ ಮದುವೆ ಮನೆಯಲ್ಲಿ ಫೋಟೊ ತೆಗೆಯುವ ಪುಟ್ಟ ಯಂತ್ರ ಕಣ್ಣ ಮುಂದೆ ಬರುತ್ತದೆ. ಇದು ಅಂಥದ್ದಲ್ಲ; ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 20 ಮೀಟರ್ ದಾಟುವ ದೊಡ್ಡ ವಿಮಾನ. ಸುದ್ದಿ ಹಬ್ಬುತ್ತಲೇ ಸುತ್ತಲಿನ ಹಳ್ಳಿಗಳ ಜನ ಸೇರಿದರು. ಮುರಿದ ವಿಮಾನ, ಚೆಲ್ಲಾಪಿಲ್ಲಿಯಾದ ಯಂತ್ರಭಾಗಗಳು ಮೊಬೈಲುಗಳಲ್ಲಿ ಸೆರೆಯಾಗಿ ಮಧ್ಯಾಹ್ನದೊಳಗೆ ರಾಜ್ಯವೆಲ್ಲ ಸುತ್ತಿದವು. ಅದಕ್ಕೂ ಮುಂಚೆ, 2019ರ ಸೆಪ್ಟೆಂಬರ್ 17ರಂದು, ಇದೇ ಬಗೆಯ ‘ರುಸ್ತುಂ-2’ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಬಿದ್ದಿತ್ತು. ಎರಡೂ ಸಲ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಇವನ್ನು ನೆನಪಿಸುತ್ತಿರುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ವಿಮಾನ ಇವತ್ತಿಗೂ ಅತ್ಯಂತ ಸುರಕ್ಷಿತ ಪ್ರಯಾಣಗಳಲ್ಲಿ ಒಂದು. ಶಿರಾದ ಹೆದ್ದಾರಿಯಲ್ಲಿ ನಮ್ಮವರು ಕಳೆದುಕೊಳ್ಳುವ ಜೀವಗಳ ಮುಂದೆ ಆಕಾಶದ ಅಪಾಯ ಬಹಳ ಕಡಿಮೆ. ಆದರೆ ನಮ್ಮ ಮೇಲಿನ ಆಕಾಶ ಈಗ ಖಾಲಿ ಉಳಿದಿಲ್ಲ. ಉತ್ತರಕ್ಕೆ ಚಳ್ಳಕೆರೆಯ ವರವು ಕಾವಲಿನಲ್ಲಿ 2017ರಿಂದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಕೆಲಸ ಮಾಡುತ್ತಿದೆ. ದಕ್ಷಿಣಕ್ಕೆ, ನಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ದೇವನಹಳ್ಳಿಯಿಂದ ಏರುವ, ಅಲ್ಲಿಗೆ ಇಳಿಯುವ ವಿಮಾನಗಳು ನಮ್ಮ ಬೆಟ್ಟಗಳ ಮೇಲೆ ಹಗಲಿರುಳೂ ಹಾದುಹೋಗುತ್ತವೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಕಡೆಗೇ ಬರಲಿ ಎಂದು ನಮ್ಮವರೇ ಒತ್ತಾಯಿಸಿದ್ದೂ ಉಂಟು. ವಿಮಾನ ಬರಲಿ ಎಂದು ಕೇಳುವ ಊರು ವಿಮಾನ ಬಿದ್ದರೆ ಏನು ಮಾಡಬೇಕೆಂಬುದನ್ನೂ ಕಲಿತಿರಬೇಕು.

ಈ ಪತ್ರವನ್ನು ಜಿಲ್ಲಾಧಿಕಾರಿಗಳಿಗೋ ದೆಹಲಿಯ ಸಚಿವಾಲಯಕ್ಕೋ ಬರೆಯದೆ ನಿಮಗೆ ಬರೆಯಲು ಕಾರಣವಿದೆ. ದೆಹಲಿಯ ತನಿಖಾಧಿಕಾರಿ ಬುಕ್ಕಾಪಟ್ಟಣಕ್ಕೋ ಮಿಡಿಗೇಶಿಗೋ ವೈ.ಎನ್. ಹೊಸಕೋಟೆಗೋ ತಲುಪುವ ಹೊತ್ತಿಗೆ ಅರ್ಧ ದಿನವಾದರೂ ಕಳೆದಿರುತ್ತದೆ. ಅಷ್ಟರೊಳಗೆ ಅಲ್ಲಿರುವವರು ನೀವು, ನಿಮ್ಮ ಊರಿನ ಹುಡುಗರು, ಕುರಿ ಮೇಯಿಸುವವರು, ಬೀಟ್ ಪೊಲೀಸರು. ಯಾರು ಬದುಕುತ್ತಾರೆ, ಯಾವ ಸಾಕ್ಷ್ಯ ಉಳಿಯುತ್ತದೆ ಎಂಬುದರ ಬಹುಪಾಲು ಆ ಕೆಲವು ಗಂಟೆಗಳಲ್ಲೇ ತೀರ್ಮಾನವಾಗುತ್ತದೆ. ವಿಮಾನ ಸುರಕ್ಷತೆಗಾಗಿ ದೇಶದೇಶಗಳು ಕೈಜೋಡಿಸಬೇಕು ಎಂದು ದೊಡ್ಡ ಸಭೆಗಳು ನಡೆಯುತ್ತವೆ. 2024ರ ಸೆಪ್ಟೆಂಬರಿನಲ್ಲಿ ಏಷ್ಯಾ-ಪೆಸಿಫಿಕ್ ವಲಯದ ವಿಮಾನಯಾನ ಸಚಿವರು ದೆಹಲಿಯಲ್ಲಿ ಸೇರಿ ‘ದೆಹಲಿ ಘೋಷಣೆ’ಯನ್ನೇ ಅಂಗೀಕರಿಸಿದರು. ಒಳ್ಳೆಯದೇ. ಆದರೆ ಆ ಸಹಕಾರ ವಿಮಾನ ಬಿದ್ದ ಹೊಲದ ಬದುವಿನಿಂದ ಶುರುವಾಗದಿದ್ದರೆ ಮೇಲಿನ ಸಹಿಗಳಿಂದ ಹೆಚ್ಚೇನೂ ಆಗದು. ನಾನು ಹೇಳಬೇಕೆಂದಿರುವುದು ಇಷ್ಟೇ.

ಹೊಲದಲ್ಲಿ ವಿಮಾನ ಬೀಳುವುದೆಂದರೆ ಏನು ಎಂಬುದನ್ನು ಹರಿಯಾಣದ ಚರ್ಖಿ ದಾದ್ರಿಯ ರೈತರು ಕಂಡಿದ್ದಾರೆ. 1996ರ ನವೆಂಬರ್ 12ರ ಸಂಜೆ ಸೌದಿ ಅರೇಬಿಯಾದ ಬೋಯಿಂಗ್ 747 ಹಾಗೂ ಕಜಕಸ್ತಾನದ ಇಲ್ಯೂಷಿನ್ ವಿಮಾನ ಆಕಾಶದಲ್ಲೇ ಡಿಕ್ಕಿಯಾಗಿ ಆ ಹಳ್ಳಿಗಳ ಹೊಲಗಳ ಮೇಲೆ ಉದುರಿದವು. ಎರಡೂ ವಿಮಾನಗಳಲ್ಲಿದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸತ್ತವರಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟಿದ್ದ ಭಾರತೀಯರೇ ಹೆಚ್ಚು. ನ್ಯಾಯಮೂರ್ತಿ ಆರ್.ಸಿ. ಲಹೋಟಿ ತನಿಖೆ ನಡೆಸಿದರು. ಹೊಲದಲ್ಲಿ ಸಿಕ್ಕ, ಹಾರಾಟವನ್ನು ದಾಖಲಿಸುವ ಪೆಟ್ಟಿಗೆಗಳಲ್ಲಿ ಕೆಲವನ್ನು ಮಾಸ್ಕೋದಲ್ಲಿ, ಉಳಿದವನ್ನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಓದಿಸಲಾಯಿತು. ಕಜಕ್ ವಿಮಾನ ತನಗೆ ಗೊತ್ತುಪಡಿಸಿದ 15,000 ಅಡಿಗಿಂತ ಕೆಳಗೆ ಇಳಿದಿತ್ತು ಎಂಬುದು ಖಚಿತವಾಯಿತು. ಅದಾದ ಮೇಲೆ ಎದುರು ಬರುವ ವಿಮಾನದ ಬಗ್ಗೆ ಪೈಲಟ್‌ಗೆ ಎಚ್ಚರಿಕೆ ಕೊಡುವ ಉಪಕರಣ ಭಾರತದ ಆಕಾಶದಲ್ಲಿ ಕಡ್ಡಾಯವಾಯಿತು. ದೆಹಲಿಗೆ ಬರುವ, ಅಲ್ಲಿಂದ ಹೋಗುವ ವಿಮಾನಗಳ ದಾರಿ ಬೇರೆಬೇರೆಯಾಯಿತು. ಇಂದು ವಿಮಾನ ಹತ್ತುವ ನಮ್ಮ ಮಕ್ಕಳನ್ನು ಕಾಯುತ್ತಿರುವ ಆ ಉಪಕರಣದ ಹಿಂದೆ ಒಂದು ಹಳ್ಳಿಯ ಹೊಲವಿದೆ, ಹಲವು ದೇಶಗಳ ತಜ್ಞರ ಕೆಲಸವಿದೆ.

ನಮ್ಮ ರಾಜ್ಯದ ನೋವೂ ಸಣ್ಣದಲ್ಲ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ಆ ಮಾದರಿಯ ವಿಮಾನ ಆಗ ಜಗತ್ತಿಗೇ ಹೊಸದು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ತನಿಖೆ, ವಿಮಾನ ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಉಳಿಯುವ ವಿಧಾನಕ್ಕೆ ಹೋಗಿದ್ದನ್ನು ಪೈಲಟ್‌ಗಳು ಸಕಾಲಕ್ಕೆ ಗಮನಿಸಲಿಲ್ಲ ಎಂದು ಕಂಡುಕೊಂಡಿತು. ಅಂಥ ಯಂತ್ರವನ್ನು ನಡೆಸಲು ಎಂಥ ತರಬೇತಿ ಬೇಕು ಎಂಬ ಪಾಠ ಬೆಂಗಳೂರಿಗೆ ಮಾತ್ರ ಸೇರಿದ್ದಾಗಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 2010ರ ಮೇ 22ರ ಮುಂಜಾನೆ, ಮಂಗಳೂರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕೆಂಜಾರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಆಚೆಯ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ ಎಂಟು ಮಂದಿ ಮಾತ್ರ ಬದುಕಿದರು. ಕಣಿವೆಗೆ ಮೊದಲು ಇಳಿದವರು ಸುತ್ತಲಿನ ಊರಿನವರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ಸಮಿತಿ ಮುಖ್ಯ ಕಾರಣವನ್ನು ನೇರವಾಗಿ ಹೇಳಿತು: ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ಬರುತ್ತಿದ್ದರೂ, ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮತ್ತೆಮತ್ತೆ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ, ಹಾರಾಟದ ನಡುವೆ ಅವರು ಬಹಳ ಹೊತ್ತು ನಿದ್ದೆಯಲ್ಲಿದ್ದರು. ರನ್‌ವೇ ದಾಟಿದ ವಿಮಾನದ ರೆಕ್ಕೆ, ದಿಕ್ಕು ತೋರುವ ಆಂಟೆನಾವನ್ನು ಹೊತ್ತಿದ್ದ ಕಾಂಕ್ರೀಟ್ ಕಟ್ಟೆಗೆ ಬಡಿದಿತ್ತು ಎಂಬುದನ್ನೂ ಸಮಿತಿ ದಾಖಲಿಸಿತು. ಇಂಥ ಜಾಗದಲ್ಲಿ ಕಟ್ಟುವುದೆಲ್ಲ ತಾಗಿದರೆ ಮುರಿದುಹೋಗುವಂತಿರಬೇಕು ಎಂದಿತು.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಇಳಿದು, ರನ್‌ವೇ ದಾಟಿ ಜಾರುತ್ತಾ ಹೋಯಿತು. ಅದು ಅಪ್ಪಳಿಸಿದ್ದು ಅಂಥದೇ ಆಂಟೆನಾ ನಿಲ್ಲಿಸಲು ಕಾಂಕ್ರೀಟ್ ಬಳಸಿ ಕಟ್ಟಿದ್ದ ದಿಣ್ಣೆಗೆ. 181 ಜನರಲ್ಲಿ 179 ಮಂದಿ ಸತ್ತರು. ಎರಡೂ ದುರಂತಗಳ ಮೂಲ ಕಾರಣಗಳು ಬೇರೆ. ಆದರೆ ಕೆಂಜಾರಿನ ಕಣಿವೆಯಲ್ಲಿ ನಾವು ಅಷ್ಟು ಜೀವ ತೆತ್ತು ಕಲಿತ ಒಂದು ಮಾತು ಮುವಾನ್‌ನ ನೆಲದಲ್ಲಿ ಜಾರಿಗೆ ಬಂದಿರಲಿಲ್ಲ. ಒಂದು ಊರಿನ ಪಾಠ ಇನ್ನೊಂದು ಊರಿಗೆ ಮುಟ್ಟದಿದ್ದರೆ ಅದೇ ಪಾಠಕ್ಕೆ ಎರಡನೇ ಸಲ ಜೀವ ತೆರಬೇಕಾಗುತ್ತದೆ. ದೇಶಗಳ ನಡುವೆ ಸಹಕಾರ ಬೇಕೆನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತಿಳಿದಿಲ್ಲ.

ಸಹಕಾರ ಚೆನ್ನಾಗಿ ನಡೆದ ಉದಾಹರಣೆಯೂ ಇದೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್ ವಿಮಾನ ಬಿದ್ದು ಅದರಲ್ಲಿದ್ದ 72 ಜನರೂ ಸತ್ತರು. ಅವರಲ್ಲಿ ಐವರು ಭಾರತೀಯರು. ಹಾರಾಟದ ದಾಖಲೆ ಪೆಟ್ಟಿಗೆಗಳನ್ನು ಓದುವ ಸೌಲಭ್ಯ ನೇಪಾಳದಲ್ಲಿರಲಿಲ್ಲ. ಮೊದಲೇ ಮಾಡಿಕೊಂಡ ಒಪ್ಪಂದದಂತೆ ಅವು ಸಿಂಗಪುರಕ್ಕೆ ಹೋದವು. ರೆಕ್ಕೆಯ ಫ್ಲ್ಯಾಪ್ ಸರಿಸಬೇಕಾದ ಕೈ ಪಕ್ಕದಲ್ಲಿದ್ದ ಬೇರೆ ಹಿಡಿಕೆಗಳನ್ನು ಎಳೆದಿತ್ತು, ಅದರಿಂದ ಎರಡೂ ಪ್ರೊಪೆಲ್ಲರ್‌ಗಳು ವಿಮಾನವನ್ನು ಮುಂದೆ ತಳ್ಳುವ ಶಕ್ತಿ ಕಳೆದುಕೊಂಡಿದ್ದವು ಎಂಬುದು ಹೊರಬಂತು. ಬಡ ದೇಶ, ಸಣ್ಣ ದೇಶ ಎಂದು ಸತ್ಯ ಅಲ್ಲೇ ಹೂತುಹೋಗಲಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ, ಅಂದರೆ ಎಎಐಬಿ, ಸ್ಥಾಪನೆಯಾಯಿತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಬಿದ್ದು ವಿಮಾನದಲ್ಲಿದ್ದ 241 ಮಂದಿ ಹಾಗೂ ನೆಲದ ಮೇಲಿದ್ದ 19 ಮಂದಿ ಸತ್ತಾಗ ತನಿಖೆ ಕೈಗೆತ್ತಿಕೊಂಡದ್ದು ಈ ಸಂಸ್ಥೆಯೇ. ಒಂದು ದಾಖಲೆ ಪೆಟ್ಟಿಗೆ ಮರುದಿನ ಕಟ್ಟಡದ ಮಾಳಿಗೆಯ ಮೇಲೆ ಸಿಕ್ಕಿತು. ಇನ್ನೊಂದು ಜೂನ್ 16ರಂದು ಅವಶೇಷಗಳ ನಡುವೆ. ಆ ಬೋಯಿಂಗ್ ವಿಮಾನ ಅಮೆರಿಕದ್ದಾದ್ದರಿಂದ ಅಲ್ಲಿನ ತನಿಖಾ ಮಂಡಳಿಯವರೂ, ಸತ್ತವರಲ್ಲಿ ಬ್ರಿಟಿಷರಿದ್ದುದರಿಂದ ಬ್ರಿಟನ್ನಿನ ತನಿಖಾಧಿಕಾರಿಗಳೂ ಬಂದರು. ಇದು ಯಾರ ಉಪಕಾರವೂ ಅಲ್ಲ. 1944ರ ಷಿಕಾಗೊ ವಿಮಾನಯಾನ ಒಪ್ಪಂದದ 13ನೇ ಅನುಬಂಧದ ಪ್ರಕಾರ ವಿಮಾನ ಬಿದ್ದ ದೇಶ ತನಿಖೆ ನಡೆಸುತ್ತದೆ. ವಿಮಾನವನ್ನು ವಿನ್ಯಾಸ ಮಾಡಿದ, ತಯಾರಿಸಿದ, ನೋಂದಾಯಿಸಿದ, ನಡೆಸುವ ದೇಶಗಳಿಗೆ ಅದರಲ್ಲಿ ಪಾಲ್ಗೊಳ್ಳುವ ಹಕ್ಕಿದೆ. ಪ್ರಾಥಮಿಕ ವರದಿ 30 ದಿನಗಳಲ್ಲಿ ಬರಬೇಕು. ಅದೇ ಅನುಬಂಧದಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವೆಲ್ಲ ಮನಸ್ಸಿಗೆ ತಂದುಕೊಳ್ಳಬೇಕು: ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು, ಯಾರ ಮೇಲೋ ತಪ್ಪು ಹೊರಿಸುವುದಲ್ಲ. ಅಹಮದಾಬಾದಿನ ಪ್ರಾಥಮಿಕ ವರದಿಯಲ್ಲಿ ಕಾಕ್‌ಪಿಟ್‌ನ ಒಂದೆರಡು ಮಾತು ಕಂಡದ್ದೇ ತಡ, ಮೊಬೈಲುಗಳಲ್ಲಿ ತೀರ್ಪು ಹೊರಬಿತ್ತು. ಸತ್ತ ಪೈಲಟ್‌ಗಳಿಗೂ ಮನೆಯವರಿದ್ದಾರೆ. ಪೂರ್ತಿ ತಿಳಿಯುವ ತನಕ ಬಾಯಿ ಬಿಗಿಹಿಡಿಯುವುದು ಕೂಡ ತನಿಖೆಗೆ ನಾವು ಕೊಡಬಹುದಾದ ಸಹಕಾರ.

ಈಗ ನಮ್ಮ ಊರಿಗೆ ಬರುತ್ತೇನೆ. ಕೋಡಿಗೇನಹಳ್ಳಿಯ ಆಚೆ ಒಂದು ಹೊಲದಲ್ಲಿ ವಿಮಾನ ಬಿದ್ದಿದೆ ಎಂದೇ ಇಟ್ಟುಕೊಳ್ಳಿ. ತನಿಖಾಧಿಕಾರಿ ಬಂದು ಮೊದಲು ನೋಡುವುದು ಏನನ್ನು? ಬದುವಿನ ಮೇಲಿನ ಹುಣಸೆ ಮರದ ಕೊಂಬೆ ಯಾವ ಎತ್ತರದಲ್ಲಿ ಕತ್ತರಿಸಿದೆ, ಅಲ್ಲಿಂದ ನೆಲದ ಮೊದಲ ಗೀರಿಗೆ ಎಷ್ಟು ದೂರ. ಇವೆರಡನ್ನು ಅಳೆದರೆ ವಿಮಾನ ಯಾವ ಕೋನದಲ್ಲಿ ಇಳಿಯಿತೆಂದು ಲೆಕ್ಕ ಹಾಕಬಹುದು. ಪ್ರೊಪೆಲ್ಲರ್‌ನ ಅಲಗು ಹೇಗೆ ಬಾಗಿದೆ ಎಂಬುದರಿಂದ ಬೀಳುವಾಗ ಎಂಜಿನ್ ತಿರುಗುತ್ತಿತ್ತೋ ಇಲ್ಲವೋ ಗೊತ್ತಾಗುತ್ತದೆ. ಎಚ್ಚರಿಕೆ ದೀಪದ ಪುಟ್ಟ ಬಲ್ಬನ್ನು ಭೂತಗನ್ನಡಿಯಡಿ ಇಟ್ಟು ನೋಡುತ್ತಾರೆ. ಉರಿಯುತ್ತಿದ್ದ ಬಲ್ಬಿನ ತಂತಿ ಕಾದು ಮೆತ್ತಗಾಗಿರುವುದರಿಂದ ಹೊಡೆತಕ್ಕೆ ಎಳೆದುಕೊಂಡಿರುತ್ತದೆ, ಆರಿದ್ದ ಬಲ್ಬಿನದು ಹಾಗಾಗುವುದಿಲ್ಲ. ಕೊನೆಯ ಕ್ಷಣದಲ್ಲಿ ಪೈಲಟ್‌ಗೆ ಯಾವ ಎಚ್ಚರಿಕೆ ಕಾಣುತ್ತಿತ್ತು ಎಂಬುದು ಕೂದಲೆಳೆಯಂಥ ಆ ತಂತಿಯಲ್ಲಿದೆ. ಮಸಿ ಯಾವ ಕಡೆಗೆ ಬಳಿದಿದೆ ಎಂಬುದು ಬೆಂಕಿ ಆಕಾಶದಲ್ಲೇ ಹತ್ತಿತೋ ನೆಲಕ್ಕೆ ಬಿದ್ದ ಮೇಲೋ ಎಂಬುದನ್ನು ಹೇಳುತ್ತದೆ. ‘ಕಪ್ಪು ಪೆಟ್ಟಿಗೆ’ ಎನ್ನುತ್ತೇವಲ್ಲ, ಅದರ ಬಣ್ಣ ಕಿತ್ತಳೆ. 1,100 ಡಿಗ್ರಿ ಬೆಂಕಿಯಲ್ಲಿ ಒಂದು ಗಂಟೆ ತಡೆದುಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ಅಷ್ಟು ಗಟ್ಟಿಯಾದ ಪೆಟ್ಟಿಗೆಯೂ ಯಾರಾದರೂ ಹೊತ್ತುಕೊಂಡು ಹೋದರೆ ಉಪಯೋಗಕ್ಕಿಲ್ಲ. ಕೊಂಬೆ ಕಡಿದವರು, ಬಲ್ಬು ತುಳಿದವರು, ತಗಡನ್ನು ಗುಜರಿಗೆ ಹಾಕಿದವರು ಯಾರೂ ಕೆಟ್ಟವರಾಗಿರಬೇಕಿಲ್ಲ. ಅದರ ಬೆಲೆ ಏನೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ. ಹೇಳುವ ಕೆಲಸ ನಮ್ಮದು.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು, ಜೀವ. ಬದುಕಿದವರನ್ನು ಹೊರಗೆ ತರಲು ಏನು ಮುರಿಯಬೇಕೋ ಮುರಿಯಿರಿ. ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ಜನರನ್ನು, ಪ್ರಾಣಿಗಳನ್ನು ಹೊರತೆಗೆಯಲು, ಬೆಂಕಿ ತಡೆಯಲು, ಸಾರ್ವಜನಿಕರಿಗೆ ಒದಗುವ ಅಪಾಯ ತಪ್ಪಿಸಲು ಅವಶೇಷವನ್ನು ಅಗತ್ಯವಿರುವಷ್ಟು ಸರಿಸಬಹುದೆಂದು ತನಿಖಾ ನಿಯಮಗಳೇ ಹೇಳುತ್ತವೆ. ಅದಕ್ಕಿಂತ ಹೆಚ್ಚು ಸರಿಸಬಾರದು, ಅಷ್ಟೆ. 112ಕ್ಕೆ ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ಯಾವ ರಸ್ತೆ, ಯಾವ ಕೆರೆಯ ಹಿಂಭಾಗ, ಫೈರ್ ಎಂಜಿನ್ ಹೋಗುವಷ್ಟು ದಾರಿ ಇದೆಯೇ, ಕರೆಂಟ್ ತಂತಿ ಹರಿದು ಬಿದ್ದಿದೆಯೇ ಎಂಬುದನ್ನೂ ಹೇಳಬೇಕು. ಬಂಡಿಜಾಡಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಯಾರದ್ದು ಸಿಗುತ್ತದೆ ಎಂಬುದು ಪಂಚಾಯಿತಿಗೆ ಮೊದಲೇ ಗೊತ್ತಿರಲಿ.

ಎರಡನೆಯದು, ಹತ್ತಿರ ಹೋಗುವವರ ಜೀವ. ಯುದ್ಧವಿಮಾನದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನವಿರುತ್ತದೆ. ಅದು ಸಿಡಿಯದೆ ಉಳಿದಿದ್ದರೆ ಮುಟ್ಟಿದವರನ್ನೇ ಕೊಲ್ಲಬಲ್ಲದು. ಡ್ರೋನ್‌ಗಳಲ್ಲಿ ದೊಡ್ಡ ಬ್ಯಾಟರಿಗಳಿದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು. ಇಂದಿನ ವಿಮಾನಗಳ ಮೈಯಲ್ಲಿ ಬಳಸುವ ಕಾರ್ಬನ್ ನಾರು ಸುಟ್ಟಾಗ ಏಳುವ ನವಿರು ಧೂಳು ಶ್ವಾಸಕೋಶಕ್ಕೆ ಕೇಡು. ಗಾಳಿ ನಿಮ್ಮ ಬೆನ್ನಿಗೆ ಬೀಸಿ ಹೊಗೆ ಆಚೆಗೆ ಹೋಗುವ ಬದಿಯಲ್ಲಿ ನಿಲ್ಲಿ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರ ಇಡಿ. ಬೀಡಿ ಸಿಗರೇಟು ಹತ್ತಿರಕ್ಕೂ ಬೇಡ.

ಮೂರನೆಯದು, ಕಾವಲು. ಗಾಯಾಳುಗಳು ಹೋದ ಮೇಲೆ ಜಾಗದ ಸುತ್ತ ಹಗ್ಗ ಕಟ್ಟಿಸಿ. ತುಂಡುಗಳು ಹೊಲದಿಂದ ಹೊಲಕ್ಕೆ ಹರಡಿರುತ್ತವೆ. ದೂರದಲ್ಲಿ ಒಂದು ಸಿಕ್ಕರೆ ಎತ್ತಿ ತರುವುದು ಬೇಡ, ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಬಟ್ಟೆ ಕಟ್ಟಿ, ಪೊಲೀಸರಿಗೆ ಹೇಳಿ. ರಾತ್ರಿ ಕಾವಲಿಗೆ ಊರಿನವರೇ ಪಾಳಿ ಮಾಡಿಕೊಳ್ಳಬೇಕಾಗಬಹುದು. ನಾಗರಿಕ ವಿಮಾನವಾದರೆ ಎಎಐಬಿ ಬರುತ್ತದೆ. ವಾಯುಪಡೆಯದ್ದಾದರೆ ಅವರದೇ ತನಿಖಾ ಮಂಡಳಿ ಇರುತ್ತದೆ, ಡಿಆರ್‌ಡಿಒ ವಿಮಾನವಾದರೆ ಅವರೇ ನೋಡಿಕೊಳ್ಳುತ್ತಾರೆ. ಯಾರದ್ದೇ ಆಗಿರಲಿ, ನಮ್ಮ ನಡವಳಿಕೆ ಒಂದೇ ಇರಲಿ.

ನಾಲ್ಕನೆಯದು, ಕಂಡವರ ಮಾತು. ಕುರಿ ಕಾಯುತ್ತಿದ್ದ ಅಜ್ಜ ‘ಸದ್ದು ನಿಂತೋಯ್ತು, ಆಮೇಲೆ ಬಾಗ್ತು’ ಎಂದರೆ ಆ ಒಂದು ವಾಕ್ಯಕ್ಕೆ ಬಹಳ ಬೆಲೆಯಿದೆ. ಮೊದಲು ನಿಂತದ್ದು ಸದ್ದೋ, ಮೊದಲು ಬಾಗಿದ್ದು ವಿಮಾನವೋ ಎಂಬುದರ ಮೇಲೆ ತನಿಖೆಯ ದಿಕ್ಕೇ ಬದಲಾಗಬಹುದು. ನಾಲ್ಕು ಜನ ಕೂತು ಮಾತಾಡಿದ ಮೇಲೆ ಎಲ್ಲರ ನೆನಪೂ ಒಂದೇ ಆಗಿಬಿಡುತ್ತದೆ. ಆದ್ದರಿಂದ ಕಂಡವರ ಹೆಸರು ಬರೆದಿಟ್ಟುಕೊಂಡು, ಅವರವರು ಕಂಡದ್ದನ್ನು ಅವರವರ ಬಾಯಲ್ಲೇ, ಬೇರೆಬೇರೆಯಾಗಿ, ಅದೇ ದಿನ ಬರೆಸಿ. ತನಿಖಾಧಿಕಾರಿಗಳ ಮುಂದೆ ಹೇಳಿಕೆ ಕೊಡುವಾಗ ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಅದೇ ಮಾತಿನಲ್ಲಿ ದಾಖಲಿಸಿಕೊಳ್ಳಿ ಎಂದು ಪಂಚಾಯಿತಿ ಕೇಳಬೇಕು. ಮೊಬೈಲಿನ ವಿಡಿಯೊ, ಅಂಗಡಿಯ ಸಿಸಿಟಿವಿ ಅಳಿಸದೆ ಪೊಲೀಸರಿಗೆ ಒಪ್ಪಿಸಿ. ಹೆಣಗಳ ಚಿತ್ರ ಮಾತ್ರ ಯಾರೂ ತೆಗೆಯಬೇಡಿ, ತೆಗೆದವರು ಕಳಿಸಬೇಡಿ. ಮನೆಯವರಿಗೆ ಸಾವಿನ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಮುಟ್ಟುವಂತಾಗಬಾರದು.

ಐದನೆಯದು, ಹೊಲದ ಯಜಮಾನ. ಇದನ್ನು ಆ 13ನೇ ಅನುಬಂಧ ಬರೆದಿಲ್ಲ, ಆದ್ದರಿಂದ ನಾವೇ ಬರೆಯಬೇಕು. ಆಗಸ್ಟ್ ತಿಂಗಳೆಂದರೆ ನಮ್ಮ ಸೀಮೆಯಲ್ಲಿ ಕಡ್ಲೆಕಾಯಿ ಬೆಳೆ ನೆಲದ ಮೇಲಿರುವ ಕಾಲ. ವಿಮಾನ ಬಿದ್ದ ಹೊಲಕ್ಕೆ ವಾರಗಟ್ಟಲೆ ಬೇಲಿ ಬೀಳುತ್ತದೆ. ನೂರಾರು ಕಾಲುಗಳು, ಕ್ರೇನು, ಲಾರಿಗಳು ಪಕ್ಕದ ಹೊಲಗಳನ್ನೂ ತುಳಿಯುತ್ತವೆ. ಇಂಧನ ಇಂಗಿದ ಮಣ್ಣಿನಲ್ಲಿ ಮುಂದಿನ ಬೆಳೆ ಏಳುವುದೂ ಕಷ್ಟ. ಮೊದಲ ದಿನವೇ ಗ್ರಾಮ ಆಡಳಿತಾಧಿಕಾರಿಯಿಂದ ಸರ್ವೆ ನಂಬರಿನ ಸಮೇತ ಮಹಜರು ಮಾಡಿಸಿ, ಬೆಳೆ ಯಾವ ಹಂತದಲ್ಲಿತ್ತು ಎಂಬುದನ್ನು ಬರೆಸಿ. ಬೆಳೆ ಪರಿಹಾರ, ಮಣ್ಣು ಶುದ್ಧಿಯ ಖರ್ಚು ವಿಮಾನದವರ ಜವಾಬ್ದಾರಿ ಎಂದು ಕೇಳುವುದು ನ್ಯಾಯ. ತನ್ನ ನಷ್ಟಕ್ಕೆ ದಾರಿಯಿದೆ ಎಂದು ಗೊತ್ತಿರುವ ರೈತ ಅವಶೇಷವನ್ನು ಬೇಗ ಬದಿಗೆ ಸರಿಸಲು ಹೋಗುವುದಿಲ್ಲ. ಸಾಕ್ಷ್ಯ ಕಾಯುವವನ ಹೊಟ್ಟೆಯನ್ನೂ ಯಾರಾದರೂ ಕಾಯಬೇಕು.

ಪಾವಗಡದವರಿಗೆ, ಮಧುಗಿರಿಯ ಗಡಿ ಹಳ್ಳಿಗಳವರಿಗೆ ಬೇರೆಯಾಗಿ ಒಂದು ಮಾತು. ಪಾವಗಡ ತುಮಕೂರು ಜಿಲ್ಲೆಯಲ್ಲಿದ್ದರೂ ಮೂರು ಕಡೆ ಆಂಧ್ರ. ಜಿಲ್ಲೆಯ ಉಳಿದ ಭಾಗಕ್ಕೂ ಅದಕ್ಕೂ ನಡುವೆ ಮಡಕಶಿರಾ ಸೀಮೆ ಬಂದು ನಿಂತಿದೆ. ನಾಗಲಮಡಿಕೆ ಕಡೆ ಏನಾದರೂ ಬಿದ್ದರೆ ಅರ್ಧ ತುಂಡು ಕರ್ನಾಟಕದಲ್ಲಿ, ಅರ್ಧ ಆಂಧ್ರದಲ್ಲಿ ಬೀಳಬಹುದು. ಗಾಯಾಳುವಿಗೆ ಯಾವ ಆಸ್ಪತ್ರೆ ಹತ್ತಿರವೋ ಅದೇ ಆಸ್ಪತ್ರೆ. ಅದು ಯಾವ ರಾಜ್ಯದ್ದು ಎಂದು ಆಗ ಕೇಳುವಂತಿಲ್ಲ. ತಿರುಮಣಿ ಸುತ್ತಲಿನ 13,000 ಎಕರೆಯ ಸೋಲಾರ್ ಪಾರ್ಕ್‌ನಲ್ಲಿ ಬಿದ್ದರೆ ಇನ್ನೊಂದು ತೊಡಕಿದೆ: ಬಿಸಿಲಿರುವ ತನಕ ಪ್ಯಾನೆಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ, ಪಾರ್ಕಿನ ಸಿಬ್ಬಂದಿ ಬಾರದೆ ಒಳಗೆ ಕಾಲಿಡುವುದು ಅಪಾಯ. ಗಡಿಯ ಆಚೀಚೆ ಒಂದೇ ಜನ, ಎರಡೂ ಮಾತು ಬಲ್ಲವರು, ಕೊಟ್ಟು ತಂದುಕೊಂಡ ಸಂಬಂಧಿಕರು. ಆದರೆ ಎರಡು ಪೊಲೀಸ್ ಠಾಣೆಗಳ ನಡುವೆ ಆ ನಂಟು ತಾನಾಗಿ ಬರುವುದಿಲ್ಲ. ಮಧುಗಿರಿ ಉಪವಿಭಾಗಾಧಿಕಾರಿಗಳು ಶ್ರೀ ಸತ್ಯಸಾಯಿ ಮತ್ತು ಅನಂತಪುರ ಜಿಲ್ಲೆಗಳ ಅಧಿಕಾರಿಗಳ ಜೊತೆ ವರ್ಷಕ್ಕೊಮ್ಮೆ ಕೂರುವಂತೆ ನೀವು ಒತ್ತಾಯ ತನ್ನಿ. ಯಾವ ಠಾಣೆ ಯಾರಿಗೆ ಫೋನ್ ಮಾಡಬೇಕು, ಯಾವ ಊರಿನ ಫೈರ್ ಎಂಜಿನ್ ಯಾವ ರಸ್ತೆಯಲ್ಲಿ ಗಡಿ ದಾಟಬೇಕು, ಹೆಣಗಳನ್ನು ಎಲ್ಲಿ ಇಡಬೇಕು ಎಂಬುದು ಕನ್ನಡ ತೆಲುಗು ಎರಡರಲ್ಲೂ ಒಂದೇ ಹಾಳೆಯಲ್ಲಿ ಇರಲಿ. ನೇಪಾಳ ಸಿಂಗಪುರದ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರಿಂದ ಕಷ್ಟಕಾಲಕ್ಕೆ ಒದಗಿತು. ಪಾವಗಡವೂ ಮಡಕಶಿರಾವೂ ಕಷ್ಟ ಬರುವ ಮೊದಲೇ ಮಾತಾಡಿಕೊಳ್ಳಲಿ.

ಎಚ್‌ಎಎಲ್‌ನವರನ್ನೂ ಡಿಆರ್‌ಡಿಒದವರನ್ನೂ ಕರೆಯಿರಿ. ರಕ್ಷಣಾ ಗುಟ್ಟು ಯಾವುದನ್ನೂ ನಾವು ಕೇಳುತ್ತಿಲ್ಲ. ಬಿದ್ದರೆ ಯಾವುದನ್ನು ಮುಟ್ಟಬಾರದು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ನಮ್ಮ ಹೈಸ್ಕೂಲುಗಳಿಗೆ ಬಂದು ಒಂದು ಗಂಟೆ ಹೇಳಿದರೆ ಸಾಕು. ನಾಲ್ಕು ತಾಲ್ಲೂಕುಗಳ ಅಗ್ನಿಶಾಮಕ ದಳ, ಆರೋಗ್ಯ ಇಲಾಖೆ, ಪೊಲೀಸರು ಸೇರಿ ವರ್ಷಕ್ಕೊಂದು ಅಣಕು ಕಾರ್ಯಾಚರಣೆ ಮಾಡಲಿ; ಒಂದು ವರ್ಷ ಕೊರಟಗೆರೆಯ ತೋವಿನಕೆರೆ ಕಡೆ, ಇನ್ನೊಂದು ವರ್ಷ ಶಿರಾದ ಬರಗೂರು ಕಡೆ. ಬಸ್ಸು ಹಳ್ಳಕ್ಕೆ ಬಿದ್ದರೂ ಕೆರೆ ಕೋಡಿ ಒಡೆದರೂ ಈ ಅಭ್ಯಾಸ ಕೈಗೆ ಬರುತ್ತದೆ. ಹೆಣ ಎತ್ತಿದ ಹುಡುಗರಿಗೆ ಆಮೇಲೆ ನಿದ್ದೆ ಬಾರದ ರಾತ್ರಿಗಳಿರುತ್ತವೆ, ಅವರನ್ನು ಮಾತಾಡಿಸಲು ತಾಲ್ಲೂಕು ಆಸ್ಪತ್ರೆಯಿಂದ ಒಬ್ಬರು ಬರಬೇಕು. ಇದೂ ಆ ಹಾಳೆಯಲ್ಲಿ ಸೇರಲಿ.

ಕೊನೆಯದಾಗಿ, ವರದಿ. ತನಿಖೆ ಮುಗಿದ ಮೇಲೆ ವರದಿ ಇಂಗ್ಲಿಷಿನಲ್ಲಿ ಬಂದು ಇಂಗ್ಲಿಷಿನಲ್ಲೇ ಉಳಿಯುತ್ತದೆ. ಯಾರ ಹೊಲದಲ್ಲಿ ವಿಮಾನ ಬಿತ್ತೋ, ಯಾರು ರಾತ್ರಿಯೆಲ್ಲ ಕಾದರೋ, ಯಾರು ಕಂಡದ್ದನ್ನು ಹೇಳಿದರೋ ಅವರಿಗೆ ಯಾಕೆ ಬಿತ್ತೆಂಬುದು ತಿಳಿಯುವ ಹಕ್ಕಿಲ್ಲವೇ? ನಾಗರಿಕ ವಿಮಾನಗಳ ಅಂತಿಮ ವರದಿಯ ಸಾರಾಂಶವನ್ನು ಆಯಾ ರಾಜ್ಯದ ಭಾಷೆಯಲ್ಲಿ ಕೊಡಬೇಕೆಂದು ನಮ್ಮ ಪಂಚಾಯಿತಿಗಳಿಂದ ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಪತ್ರ ಹೋಗಲಿ. ಮಂಗಳೂರಿನ ವರದಿ ಅಂದೇ ಕನ್ನಡದಲ್ಲಿ ಬಂದಿದ್ದರೆ ಕೆಂಜಾರಿನಿಂದ ಕಾಸರಗೋಡಿನವರೆಗೆ ಎಷ್ಟು ಮನೆಗಳಲ್ಲಿ ಅದನ್ನು ಓದುತ್ತಿದ್ದರು!

ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಕೊಡಿ. ಠರಾವು ಉದ್ದವಾಗಿರಬೇಕಿಲ್ಲ, ಹೀಗಿದ್ದರೆ ಸಾಕು: ‘ನಮ್ಮ ವ್ಯಾಪ್ತಿಯಲ್ಲಿ ಯಾವುದೇ ವಿಮಾನ, ಹೆಲಿಕಾಪ್ಟರ್ ಅಥವಾ ಡ್ರೋನ್ ಬಿದ್ದರೆ ಮೊದಲು ಜೀವ ಉಳಿಸುತ್ತೇವೆ, ಉಳಿದದ್ದನ್ನು ಇದ್ದಲ್ಲೇ ಕಾಯುತ್ತೇವೆ, ಕಂಡದ್ದನ್ನು ಕಂಡಂತೆ ಹೇಳುತ್ತೇವೆ. ಗಡಿಯಾಚೆಯ ನೆರೆಯವರ ಜೊತೆ ಸೇರಿ ಇದಕ್ಕೆ ಬೇಕಾದ ಏರ್ಪಾಡು ಮಾಡಿಕೊಳ್ಳುತ್ತೇವೆ. ಹೊಲ ಕಳೆದುಕೊಂಡವರಿಗೆ ಪರಿಹಾರವನ್ನೂ, ತನಿಖೆಯ ವರದಿಯನ್ನು ನಮ್ಮ ಭಾಷೆಯಲ್ಲೂ ಕೇಳಿ ಪಡೆಯುತ್ತೇವೆ.’ ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳು ಇಷ್ಟನ್ನು ಒಪ್ಪಿ ಸಹಿ ಹಾಕಿದರೆ ದೇಶದ ಬೇರೆ ಉಪವಿಭಾಗಗಳಿಗೆ ತೋರಿಸಲು ಒಂದು ಮಾದರಿ ನಮ್ಮಲ್ಲಿರುತ್ತದೆ. ಠರಾವಿನ ಒಂದು ಪ್ರತಿಯನ್ನು ಉಪವಿಭಾಗಾಧಿಕಾರಿಗಳಿಗೂ ಇನ್ನೊಂದನ್ನು ಮಡಕಶಿರಾ ತಹಶೀಲ್ದಾರರಿಗೂ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮಧುಗಿರಿ ಉಪವಿಭಾಗದ ಒಬ್ಬ ನಿವಾಸಿ